ಚಳಿನಾಡಿನ ಹಿತ್ತಲಿಗೆ ಹೂಬಳ್ಳಿ: ಯಾವುದು ನೆಲಕ್ಕೆ, ಯಾವುದು ಕುಂಡಕ್ಕೆ?

ಅಮೆರಿಕದಲ್ಲಿ ಸ್ವಂತ ಮನೆ ಆದ ನಮ್ಮವರಲ್ಲಿ ಬಹಳ ಜನ ಮೊದಲ ವಸಂತದಲ್ಲೇ ನರ್ಸರಿಗೆ ಹೋಗಿ ಒಂದು ಹೂಬಳ್ಳಿ ತರುತ್ತಾರೆ. ಬೇಲಿ ಮೇಲೆ ಹಬ್ಬಲಿ, ದೇವರ ಮುಂದಿಡಲು ನಾಲ್ಕು ಹೂ ಸಿಗಲಿ ಅನ್ನೋ ಆಸೆ. ಒಂದೆರಡು ಚಳಿಗಾಲ ಕಳೆದ ಮೇಲೆ ಕೇಳಿಬರುವ ಮಾತು ಎರಡೇ. "ಚಳಿಗೆ ಸತ್ತೇ ಹೋಯ್ತು." ಇಲ್ಲವೇ, "ಬಳ್ಳಿ ಏನೋ ಸೊಂಪಾಗಿದೆ, ಹೂ ಮಾತ್ರ ಒಂದೂ ಇಲ್ಲ."

ಈ ಎರಡು ದೂರುಗಳಿಗೂ ಬಹಳ ಸಲ ಕಾರಣ ಒಂದೇ. ಬಳ್ಳಿ ಮೊಗ್ಗನ್ನು ಎಲ್ಲಿ ಕಟ್ಟುತ್ತದೆ ಅನ್ನೋದನ್ನು ನೋಡದೆ ಕೊಂಡಿರುತ್ತೇವೆ. ಕೆಲವು ಬಳ್ಳಿಗಳು ಮುಂದಿನ ವರ್ಷದ ಹೂಮೊಗ್ಗನ್ನು ಈ ಬೇಸಿಗೆಯಲ್ಲೇ ತಯಾರು ಮಾಡಿ ಕಡ್ಡಿಯಲ್ಲಿ ಇಟ್ಟುಕೊಳ್ಳುತ್ತವೆ. ಆ ಮೊಗ್ಗು ಇಡೀ ಚಳಿಗಾಲವನ್ನು ಬಯಲಲ್ಲೇ ಕಳೆಯಬೇಕು. ಇನ್ನು ಕೆಲವು ಹಾಗಲ್ಲ. ವಸಂತದಲ್ಲಿ ಹೊಸ ಚಿಗುರು ಬಂದ ಮೇಲೆ ಆ ಚಿಗುರಿನಲ್ಲೇ ಮೊಗ್ಗು ಬಿಡುತ್ತವೆ. ಮೊದಲನೆಯ ಜಾತಿಗೆ ಶತ್ರುಗಳು ಮೂರು: ಕಡು ಚಳಿ, ಏಪ್ರಿಲ್‌ನಲ್ಲಿ ತಡವಾಗಿ ಬೀಳುವ ಫ್ರಾಸ್ಟ್ (ಇಬ್ಬನಿ ಹೆಪ್ಪುಗಟ್ಟುವ ಚಳಿ), ಹೊತ್ತಲ್ಲದ ಹೊತ್ತಲ್ಲಿ ಓಡಾಡುವ ನಮ್ಮ ಕತ್ತರಿ. ಎರಡನೆಯ ಜಾತಿ ನೆಲದವರೆಗೂ ಒಣಗಿ ಹೋದರೂ ಬೇರು ಉಳಿದಿದ್ದರೆ ಸಾಕು, ಅದೇ ವರ್ಷ ಹೂ ಕೊಡುತ್ತದೆ.

ನರ್ಸರಿಯ ಚೀಟಿಯಲ್ಲಿ ಹೂವಿನ ಬಣ್ಣ ಇರುತ್ತದೆ, ಎತ್ತರ ಇರುತ್ತದೆ. ಈ ಸಂಗತಿ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಹಾಗಾಗಿ ಇಲ್ಲಿ ಬಳ್ಳಿಗಳನ್ನು ಅಂದಚೆಂದದ ಲೆಕ್ಕದಲ್ಲಿ ಹೋಲಿಸದೆ, ಮೊಗ್ಗು ಕೂರುವ ಜಾಗದ ಲೆಕ್ಕದಲ್ಲಿ ಹೋಲಿಸಿದ್ದೇನೆ.

ಮೊದಲು ನಿಮ್ಮ ಝೋನ್ ತಿಳಿಯಿರಿ

ಅಮೆರಿಕದ ಕೃಷಿ ಇಲಾಖೆ ಇಡೀ ದೇಶವನ್ನು ಚಳಿಯ ಲೆಕ್ಕದಲ್ಲಿ 13 ಝೋನ್‌ಗಳಾಗಿ ಹಂಚಿದೆ. ಪಿನ್‌ಕೋಡ್ ಹಾಕಿದರೆ ನಿಮ್ಮದು ಯಾವುದು ಅಂತ ಗೊತ್ತಾಗುತ್ತದೆ. ಈಗ ಚಾಲ್ತಿಯಲ್ಲಿರುವ ನಕ್ಷೆ 2023ರದ್ದು. 1991ರಿಂದ 2020ರವರೆಗೆ ಪ್ರತಿ ವರ್ಷದ ಅತಿ ಚಳಿಯ ರಾತ್ರಿಯ ಉಷ್ಣತೆ ತೆಗೆದುಕೊಂಡು ಅದರ ಸರಾಸರಿ ಹಾಕಿದ್ದಾರೆ. ಒಂದೊಂದು ಝೋನ್‌ಗೂ 10 ಡಿಗ್ರಿ ಫ್ಯಾರನ್‌ಹೀಟ್ ಅಂತರ. ಝೋನ್ 6 ಅಂದರೆ ಸೊನ್ನೆಯಿಂದ ಮೈನಸ್ 10, ಝೋನ್ 7 ಅಂದರೆ ಸೊನ್ನೆಯಿಂದ 10, ಝೋನ್ 8 ಅಂದರೆ 10ರಿಂದ 20, ಝೋನ್ 9 ಅಂದರೆ 20ರಿಂದ 30 ಡಿಗ್ರಿ. ಷಿಕಾಗೊ ಸುಮಾರಾಗಿ 6ರಲ್ಲಿ ಬರುತ್ತದೆ, ನ್ಯೂಜೆರ್ಸಿಯ ನಡುಭಾಗ 7ರಲ್ಲಿ, ಡಲ್ಲಾಸ್ 8ರ ಆಸುಪಾಸಿನಲ್ಲಿ, ಸ್ಯಾನ್ ಹೋಸೆ ಕಡೆಯ ಬೇ ಏರಿಯಾ 9–10ರಲ್ಲಿ.

ಒಂದು ಮಾತು ಮರೆಯಬೇಡಿ. ಇದು ಸರಾಸರಿ, ಗ್ಯಾರಂಟಿ ಅಲ್ಲ. 2021ರ ಫೆಬ್ರವರಿ 16ರಂದು ಡಲ್ಲಾಸ್ ಫೋರ್ಟ್‌ವರ್ತ್ ವಿಮಾನ ನಿಲ್ದಾಣದಲ್ಲಿ ಉಷ್ಣತೆ ಮೈನಸ್ 2 ಡಿಗ್ರಿ ಫ್ಯಾರನ್‌ಹೀಟಿಗೆ ಇಳಿದಿತ್ತು. ಝೋನ್ 8ರ ಗಿಡಗಳಿಗೆ ಅದು ಲೆಕ್ಕಕ್ಕೇ ಇಲ್ಲದ ಚಳಿ. ಟೆಕ್ಸಸ್‌ನಲ್ಲಿ ವರ್ಷಗಟ್ಟಲೆ ಬೇಲಿ ತುಂಬಿದ್ದ ಬಳ್ಳಿಗಳು ಆ ವಾರ ಕಂದು ಬಣ್ಣಕ್ಕೆ ತಿರುಗಿದವು. ಅದಕ್ಕೇ ನಾನು ಹೇಳೋದು, ನೆಲಕ್ಕೆ ಹಾಕುವ ಬಳ್ಳಿ ನಿಮ್ಮ ಝೋನ್‌ಗಿಂತ ಒಂದು ಹೆಜ್ಜೆ ಹೆಚ್ಚು ಚಳಿ ತಾಳುವಂಥದ್ದಾಗಿದ್ದರೆ ನಿಶ್ಚಿಂತೆ. ಕುಂಡದ ಗಿಡವನ್ನು ಹೊರಗೇ ಬಿಡುವುದಾದರೆ ಎರಡು ಹೆಜ್ಜೆ. ನೆಲದೊಳಗಿನ ಬೇರಿಗೆ ಮಣ್ಣಿನ ಆಸರೆ ಇರುತ್ತದೆ. ಕುಂಡದಲ್ಲಿ ಚಳಿ ನಾಲ್ಕೂ ಕಡೆಯಿಂದ ಬೇರಿಗೆ ನುಗ್ಗುತ್ತದೆ.

ಹೊಸ ಚಿಗುರಿನಲ್ಲಿ ಹೂ ಬಿಡುವವು

ಚಳಿ ಜಾಸ್ತಿ ಇರುವ ಕಡೆ, ಮೊದಲ ಬಾರಿ ಬಳ್ಳಿ ಹಾಕುವವರಿಗೆ ನನ್ನ ಸಲಹೆ ಈ ಗುಂಪೇ.

ಇದರಲ್ಲಿ ನಮ್ಮವರು ಕಣ್ಣಿಟ್ಟು ನೋಡಬೇಕಾದದ್ದು ಪ್ಯಾಷನ್ ಹೂವಿನ ಒಂದು ಜಾತಿ, ಇಲ್ಲಿ ಮೇಪಾಪ್ ಅನ್ನುತ್ತಾರೆ. ಊರಿನಲ್ಲಿ ಕೃಷ್ಣಕಮಲ ಅಂತ ಬೇಲಿ ಮೇಲೆ ಬೆಳೆಸುತ್ತೇವಲ್ಲ, ಅದರದೇ ಬಳಗ. ಸುತ್ತ ನೇರಳೆ ಎಳೆಗಳು ನೂರು ಕೌರವರು, ಮಧ್ಯದ ಐದು ಪಾಂಡವರು, ಮೇಲಿನ ಮೂರು ತ್ರಿಮೂರ್ತಿಗಳು ಅಂತ ಅಜ್ಜಿಯರು ಮಕ್ಕಳಿಗೆ ಎಣಿಸಿ ತೋರಿಸುವ ಹೂವು. ಅದೇ ರಚನೆ ಈ ಹೂವಿನಲ್ಲೂ ಕಾಣುತ್ತದೆ. ಇದು ಅಮೆರಿಕದ ಆಗ್ನೇಯ ರಾಜ್ಯಗಳದೇ ಸ್ವಂತ ಬಳ್ಳಿ. ಹಾಗಾಗಿ ಚಳಿಯ ಅಭ್ಯಾಸ ಇದೆ. ಝೋನ್ 6ರವರೆಗೂ ಬದುಕುತ್ತದೆ, ಬುಡಕ್ಕೆ ದಪ್ಪ ಹೊದಿಕೆ ಹಾಕಿದರೆ ಝೋನ್ 5ರಲ್ಲೂ ಉಳಿಯುವುದುಂಟು. ಚಳಿಗೆ ಮೇಲಿನ ಬಳ್ಳಿ ಪೂರ್ತಿ ಸಾಯುತ್ತದೆ. ವಸಂತದಲ್ಲಿ ಬೇರಿನಿಂದ ಹೊಸ ಕುಡಿ ಬಂದು, ಬೇಸಿಗೆ ನಡುವಿನ ಹೊತ್ತಿಗೆ ಹೂ ತುಂಬುತ್ತದೆ. ಹಣ್ಣು ತಿನ್ನಬಹುದು. ಒಂದೇ ತೊಂದರೆ, ಬೇರು ನೆಲದಡಿ ಓಡಿ ಹುಲ್ಲಿನ ನಡುವೆ ಎಲ್ಲೆಂದರಲ್ಲಿ ಮರಿ ಏಳುತ್ತದೆ. ಹುಲ್ಲು ಕತ್ತರಿಸುವಾಗ ಅವೂ ಹೋಗುತ್ತವೆ, ಅಷ್ಟೇನೂ ತಲೆನೋವಲ್ಲ. ಎಲೆ ಮೇಲೆ ಮುಳ್ಳುಮುಳ್ಳಿನ ಕಿತ್ತಳೆ ಹುಳ ಕಂಡರೆ ಔಷಧಿ ಹೊಡೆಯಬೇಡಿ. ಗಲ್ಫ್ ಫ್ರಿಟಿಲರಿ ಅನ್ನೋ ಚಂದದ ಚಿಟ್ಟೆಯ ಮರಿ ಅದು. ಅದಕ್ಕೆ ಈ ಜಾತಿಯ ಬಳ್ಳಿ ಬಿಟ್ಟರೆ ಬೇರೆ ಊಟ ಇಲ್ಲ.

ಕ್ಲೆಮ್ಯಾಟಿಸ್ ಇನ್ನೊಂದು. ಝೋನ್ 4ರ ಚಳಿಗೂ ಜಗ್ಗದ ತಳಿಗಳಿವೆ. ಆದರೆ ಕೊಳ್ಳುವಾಗ ಗುಂಪಿನ ನಂಬರ್ ಕೇಳಿ. ಒಂದನೇ ಗುಂಪು ಹಳೆ ಕಡ್ಡಿಯಲ್ಲೇ ಹೂ ಬಿಡುತ್ತದೆ. ಎರಡನೆಯದು ಮೇ ತಿಂಗಳಲ್ಲಿ ಹಳೆ ಕಡ್ಡಿಯಲ್ಲಿ ದೊಡ್ಡ ಹೂ, ಆಮೇಲೆ ಹೊಸದರಲ್ಲಿ ಇನ್ನೊಂದಿಷ್ಟು. ಮೂರನೆಯದು ಪೂರ್ತಿ ಹೊಸ ಚಿಗುರಿನಲ್ಲಿ. ತಲೆಬಿಸಿ ಬೇಡ ಅನ್ನುವವರು ಮೂರನೇ ಗುಂಪು ತೆಗೆದುಕೊಳ್ಳಿ. ಜ್ಯಾಕ್‌ಮನಿ ಅನ್ನೋ ಕಡು ನೇರಳೆ ತಳಿ ಎಲ್ಲ ಕಡೆ ಸಿಗುತ್ತದೆ. 1858ರಲ್ಲಿ ಇಂಗ್ಲೆಂಡಿನ ವೋಕಿಂಗ್‌ನ ಜ್ಯಾಕ್‌ಮನ್ ನರ್ಸರಿಯಲ್ಲಿ ಹುಟ್ಟಿದ ತಳಿ, ಇವತ್ತಿಗೂ ಇದರ ಬೇಡಿಕೆ ಕಡಿಮೆ ಆಗಿಲ್ಲ. ಫೆಬ್ರವರಿ ಕೊನೆ, ಮಾರ್ಚ್ ಮೊದಲಲ್ಲಿ ನೆಲದಿಂದ ಒಂದು ಅಡಿ ಬಿಟ್ಟು ಪೂರ್ತಿ ಕತ್ತರಿಸಿ. ಕೈ ನಡುಗುತ್ತದೆ, ಆದರೆ ಧೈರ್ಯವಾಗಿ ಕತ್ತರಿಸಿ. ಹಾಗೆ ಕತ್ತರಿಸದಿದ್ದರೆ ಬುಡವೆಲ್ಲ ಬೋಳಾಗಿ ಹೂ ಬೇಲಿಯಾಚೆ ಪಕ್ಕದ ಮನೆಯವರಿಗೆ ಕಾಣುತ್ತದೆ. ಇದರ ತಲೆಗೆ ಬಿಸಿಲು ಬೇಕು, ಬೇರಿಗೆ ತಂಪು ಬೇಕು. ನೆಡುವಾಗ ಕುಂಡದಲ್ಲಿದ್ದುದಕ್ಕಿಂತ ಎರಡು ಮೂರು ಇಂಚು ಆಳಕ್ಕೆ ಇಡಿ. ಕಾಂಡ ಕೊಳೆತು ಸೊರಗಿದರೂ ಮಣ್ಣೊಳಗಿನ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ. ಸುವಾಸನೆ ಮಾತ್ರ ಜ್ಯಾಕ್‌ಮನಿಯಲ್ಲಿ ಇಲ್ಲ.

ಕಿತ್ತಳೆ ಬಣ್ಣದ ಟ್ರಂಪೆಟ್ ವೈನ್ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಚಳಿಗೆ ಕಲ್ಲಿನಂಥದ್ದು, ಹಮ್ಮಿಂಗ್‌ಬರ್ಡ್ ಹಕ್ಕಿಗಳಿಗೆ ಪ್ರಾಣ. ಆದರೆ ಬೇರುಮರಿ ಎಬ್ಬಿಸುವುದರಲ್ಲಿ ಇದನ್ನು ಮೀರಿಸುವವರಿಲ್ಲ, ಮರದ ಗೋಡೆಯ ಸಂದಿಗೂ ನುಗ್ಗುತ್ತದೆ. ಸಣ್ಣ ಹಿತ್ತಲಿಗೆ ಬೇಡವೇ ಬೇಡ. ಹಕ್ಕಿ ಬರಬೇಕು ಅಂತಿದ್ದರೆ ಟ್ರಂಪೆಟ್ ಹನಿಸಕಲ್ ಹಾಕಿ, ಅದೂ ಇಲ್ಲಿಯದೇ ಬಳ್ಳಿ, ಕೈಮೀರುವುದಿಲ್ಲ. ಕೊಳ್ಳುವಾಗ ಜಪಾನಿ ಹನಿಸಕಲ್ ಕೊಡದಂತೆ ನೋಡಿಕೊಳ್ಳಿ. ಅದಕ್ಕೆ ಒಳ್ಳೆ ಪರಿಮಳ ಇದೆ ನಿಜ, ಕಾಡಿಗೆ ಕಾಡನ್ನೇ ಮುಚ್ಚಿಹಾಕುವ ಗುಣವೂ ಇದೆ.

ಹಳೆ ಕಡ್ಡಿಯಲ್ಲಿ ಮೊಗ್ಗು ಇಡುವವು

ವಿಸ್ಟೀರಿಯಾ ನೋಡಿ ಮನಸೋಲದವರು ಕಡಿಮೆ. ಮೇ ತಿಂಗಳಲ್ಲಿ ದ್ರಾಕ್ಷಿ ಗೊಂಚಲಿನ ಹಾಗೆ ತಿಳಿನೇರಳೆ ಹೂ ಇಳಿಬಿದ್ದಿರುತ್ತದೆ. ಕ್ಯಾಲಿಫೋರ್ನಿಯಾದ ಸಿಯೆರಾ ಮಾಡ್ರೆ ಊರಿನಲ್ಲಿ 1894ರಲ್ಲಿ ನೆಟ್ಟ ಒಂದೇ ಒಂದು ಬಳ್ಳಿ ಒಂದು ಎಕರೆಗೂ ಮೀರಿ ಹಬ್ಬಿದೆ. ಹೂ ಬಿಡುವ ಗಿಡಗಳಲ್ಲಿ ಪ್ರಪಂಚದಲ್ಲೇ ದೊಡ್ಡದು ಅಂತ ಗಿನ್ನೆಸ್ ದಾಖಲೆಗೆ ಸೇರಿದ ಬಳ್ಳಿ ಅದು.

ಆದರೆ "ಹೂ ಬಿಡ್ತಿಲ್ಲ" ಅನ್ನೋ ದೂರು ಜಾಸ್ತಿ ಬರುವುದೂ ಇದರ ಮೇಲೆಯೇ. ಕಾರಣಗಳು ಇವು.

ಒಂದು, ಬೀಜದಿಂದ ಎಬ್ಬಿಸಿದ ಗಿಡ. ಅದು ಮೊದಲ ಹೂ ಕೊಡಲು 10–15 ವರ್ಷ ತೆಗೆದುಕೊಂಡರೂ ಆಶ್ಚರ್ಯ ಇಲ್ಲ. ಕಸಿ ಮಾಡಿದ ಗಿಡವಾದರೆ ಮೂರು ನಾಲ್ಕು ವರ್ಷ. ಕೊಳ್ಳುವಾಗ ಬುಡದ ಹತ್ತಿರ ಕಸಿಯ ಗಂಟು ಇದೆಯಾ ನೋಡಿ. ಅದಕ್ಕಿಂತ ಒಳ್ಳೆಯದು, ನರ್ಸರಿಯಲ್ಲೇ ಹೂ ಬಿಟ್ಟು ನಿಂತಿರುವ ಗಿಡ ಕೊಳ್ಳಿ.

ಎರಡು, ಗೊಬ್ಬರ. ವಿಸ್ಟೀರಿಯಾ ನಮ್ಮ ಅವರೆ, ತೊಗರಿಯ ಕುಲದ್ದು. ಬೇರಿನ ಗಂಟುಗಳಲ್ಲಿ ತಾನೇ ಸಾರಜನಕ ಕೂಡಿಸಿಕೊಳ್ಳುತ್ತದೆ. ಅದರ ಮೇಲೆ ಹುಲ್ಲುಹಾಸಿಗೆ ಹಾಕುವ ಗೊಬ್ಬರವೂ ಹರಿದು ಬಂದರೆ ಎಲೆ, ಹಂಬು ಎರಡೂ ಆಳೆತ್ತರ ಏಳುತ್ತವೆ, ಮೊಗ್ಗು ಕಟ್ಟುವ ಕೆಲಸ ಬಿಟ್ಟುಬಿಡುತ್ತದೆ.

ಮೂರು, ಕತ್ತರಿ. ಇದರ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕೂತಿರುತ್ತದೆ. ಚಳಿಗಾಲದ ಕೊನೆಗೆ ಎಲ್ಲ ಚೊಕ್ಕ ಮಾಡೋಣ ಅಂತ ಪೂರ್ತಿ ಬೋಳಿಸಿದರೆ ಆ ವರ್ಷದ ಹೂವೆಲ್ಲ ಕಸದ ಚೀಲಕ್ಕೆ. ಸರಿಯಾದ ಕ್ರಮ ವರ್ಷಕ್ಕೆ ಎರಡು ಸಲ. ಜುಲೈ–ಆಗಸ್ಟ್‌ನಲ್ಲಿ ಉದ್ದ ಓಡಿದ ಹಂಬುಗಳನ್ನು ಐದಾರು ಎಲೆ ಬಿಟ್ಟು ಕತ್ತರಿಸಿ. ಮತ್ತೆ ಜನವರಿ–ಫೆಬ್ರವರಿಯಲ್ಲಿ ಅದೇ ಕಡ್ಡಿಗಳನ್ನು ಎರಡು ಮೂರು ಕಣ್ಣುಗಳಿಗೆ (ಕಡ್ಡಿ ಮೇಲಿನ ಎಳೆ ಮೊಗ್ಗುಗಳಿಗೆ) ಇಳಿಸಿ. ಆಗ ಕಡ್ಡಿಯನ್ನು ಹತ್ತಿರದಿಂದ ನೋಡಿ. ಸಣ್ಣಗೆ, ಚೂಪಾಗಿ, ಕಡ್ಡಿಗೆ ಅಂಟಿಕೊಂಡಿದ್ದರೆ ಎಲೆಯ ಕಣ್ಣು. ಗುಂಡಗೆ, ಉಬ್ಬಿ, ಬುಡದ ಕಡೆ ಗಿಡ್ಡ ರೆಂಬೆಯಲ್ಲಿ ಕೂತಿದ್ದರೆ ಹೂವಿನ ಕಣ್ಣು. ಒಂದು ಸಲ ಬೆರಳಲ್ಲಿ ಸವರಿ ಗುರುತು ಹಿಡಿದರೆ ಆಮೇಲೆ ಕತ್ತರಿ ತಪ್ಪುವುದಿಲ್ಲ.

ನಾಲ್ಕು, ಏಪ್ರಿಲ್‌ನ ಫ್ರಾಸ್ಟ್. ಮಾರ್ಚ್‌ನಲ್ಲಿ ಒಂದು ವಾರ ಬಿಸಿಲು ಕಾದು ಮೊಗ್ಗು ಕಣ್ಣು ಬಿಡುತ್ತದೆ, ಆಮೇಲೆ ಒಂದೇ ರಾತ್ರಿ ಎಲ್ಲ ಸುಟ್ಟ ಹಾಗೆ ಆಗುತ್ತದೆ. ದೊಡ್ಡ ಬಳ್ಳಿಗೆ ಹೊದಿಕೆ ಹೊದಿಸುವುದು ಆಗದ ಮಾತು. ಗಿಡ ಸಾಯುವುದಿಲ್ಲ, ಆ ವರ್ಷಕ್ಕೆ ಹೂ ಹೋಯಿತು ಅಷ್ಟೇ.

ಈ ತಾಪತ್ರಯ ಹೆಚ್ಚಾಗಿ ಚೀನೀ ಮತ್ತು ಜಪಾನಿ ವಿಸ್ಟೀರಿಯಾದ್ದು. ಇವೆರಡೂ ಪೂರ್ವ ಅಮೆರಿಕದಲ್ಲಿ ಕಾಡಿಗೆ ನುಗ್ಗಿ ಮರಗಳನ್ನು ಹಿಸುಕುವ ಕಳೆಗಳೂ ಹೌದು. ಅದಕ್ಕೆ ಬದಲಾಗಿ ಅಮೆರಿಕದ್ದೇ ಆದ ವಿಸ್ಟೀರಿಯಾ ಇದೆ. ಅಮೆಥಿಸ್ಟ್ ಫಾಲ್ಸ್ ಅಂತ ಒಂದು ತಳಿ, ಕೆಂಟಕಿ ವಿಸ್ಟೀರಿಯಾ ಅನ್ನೋ ಬಗೆಯಲ್ಲಿ ಬ್ಲೂ ಮೂನ್ ಅಂತ ಇನ್ನೊಂದು. ಎಲೆ ಬಂದ ಮೇಲೆ, ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ. ಹಾಗಾಗಿ ಏಪ್ರಿಲ್ ಫ್ರಾಸ್ಟ್‌ನಿಂದ ತಪ್ಪಿಸಿಕೊಳ್ಳುತ್ತವೆ. ಗೊಂಚಲು ಗಿಡ್ಡ, ಪರಿಮಳ ಸ್ವಲ್ಪ ಕಮ್ಮಿ. ಆದರೆ ನೆಟ್ಟು ಎರಡು ಮೂರು ವರ್ಷಕ್ಕೇ ಹೂ ನೋಡಬಹುದು, ಚಪ್ಪರ ಮುರಿಯುವಷ್ಟು ಭಾರ ಆಗುವುದಿಲ್ಲ. ಎರಡರಲ್ಲಿ ಯಾವುದು ಅಂತ ಕೇಳಿದರೆ ನನ್ನ ಓಟು ಕಣ್ಣು ಮುಚ್ಚಿ ಅಮೆರಿಕದ್ದಕ್ಕೆ. ಯಾವುದೇ ಹಾಕಿದರೂ ಕಾಯಿ, ಬೀಜ ವಿಷ ಅನ್ನೋದು ನೆನಪಿರಲಿ. ನೋಡಲು ಅವರೆಕಾಯಿಯ ಹಾಗೇ ಇರುತ್ತದೆ, ಮಕ್ಕಳು ಬಾಯಿಗೆ ಹಾಕಿಕೊಂಡಾರು.

ಹಳೆ ಕಡ್ಡಿಯ ಗುಂಪಿನಲ್ಲಿ ದಕ್ಷಿಣದವರಿಗೆ ಒಳ್ಳೆಯದು ಸ್ಟಾರ್ ಜಾಸ್ಮಿನ್. ಇದನ್ನು ಕಾನ್ಫೆಡರೇಟ್ ಜಾಸ್ಮಿನ್ ಅಂತಲೂ ಮಾರುತ್ತಾರೆ. ಮಲ್ಲಿಗೆಯ ಕುಲ ಅಲ್ಲ, ನಂದಿಬಟ್ಟಲಿನ ಕುಲ. ಹೂವನ್ನು ಕೈಯಲ್ಲಿ ಹಿಡಿದು ನೋಡಿ, ಐದು ದಳ ಗಿರಗಟ್ಟಲೆಯಂತೆ ಒಂದೇ ಕಡೆ ತಿರುಚಿಕೊಂಡಿರುತ್ತದೆ. ಎಲೆ ಕಿತ್ತರೆ ಹಾಲು ಸುರಿಯುತ್ತದೆ. ಪರಿಮಳ ಮಾತ್ರ ಮಲ್ಲಿಗೆಗೆ ಸಾಟಿ, ಸಂಜೆ ಹೊತ್ತು ಬಾಗಿಲು ತೆರೆದರೆ ಮನೆಯೊಳಗೆಲ್ಲ ಬರುತ್ತದೆ. ವರ್ಷವಿಡೀ ಹಸಿರು. ಝೋನ್ 8ರಿಂದ ಮೇಲಕ್ಕೆ ನಿರಾತಂಕ, ಮ್ಯಾಡಿಸನ್ ಅನ್ನೋ ತಳಿ ಝೋನ್ 7ರಲ್ಲೂ ಗೋಡೆ ಮರೆಯಲ್ಲಿ ಬದುಕುತ್ತದೆ. ಕತ್ತರಿಸುವುದಾದರೆ ಹೂ ಮುಗಿದ ಕೂಡಲೇ, ಜೂನ್‌ನಲ್ಲಿ. ದೀಪಾವಳಿಗೆ ಮನೆ ಮುಂದೆ ಚೊಕ್ಕ ಮಾಡುವಾಗ ಇದಕ್ಕೂ ಕತ್ತರಿ ಹಾಕಿದರೆ ಮುಂದಿನ ಮೇ ತಿಂಗಳಲ್ಲಿ ಬರೀ ಎಲೆ.

ಹಳದಿ ಹೂವಿನ ಕ್ಯಾರೊಲೈನಾ ಜೆಸ್ಸಮಿನ್ ಚಳಿ ಮುಗಿಯುವ ಮೊದಲೇ ಅರಳುತ್ತದೆ, ಸೌತ್ ಕ್ಯಾರೊಲೈನಾದ ರಾಜ್ಯಪುಷ್ಪ. ಆದರೆ ಹೂ, ಎಲೆ, ಬೇರು, ಎಲ್ಲವೂ ವಿಷ. ನಾವು ಚಿಕ್ಕಂದಿನಲ್ಲಿ ಕೇಪಳದ ಹೂ ಕಿತ್ತು ಬುಡ ಚೀಪುತ್ತಿದ್ದೆವಲ್ಲ, ಇಲ್ಲಿ ಮಕ್ಕಳು ಹನಿಸಕಲ್ ಹೂವನ್ನು ಹಾಗೆ ಚೀಪುತ್ತಾರೆ. ಈ ಹೂವನ್ನು ಅದೇ ಅಂದುಕೊಂಡು ಚೀಪಿ ಆಸ್ಪತ್ರೆ ಸೇರಿದ ಮಕ್ಕಳಿದ್ದಾರೆ. ಚಿಕ್ಕ ಮಕ್ಕಳಿರುವ ಮನೆಗೆ ಇದು ಬೇಡ ಅಂತ ಖಡಾಖಂಡಿತವಾಗಿ ಹೇಳುತ್ತೇನೆ.

ಮಲ್ಲಿಗೆ ಬೇಕೇ ಬೇಕು ಅನ್ನುವವರಿಗೆ

ಬೇರೆ ಯಾವ ಹೂ ಇದ್ದರೇನು, ಮಲ್ಲಿಗೆ ಇಲ್ಲದ ಮನೆ ಮನೆಯಲ್ಲ ಅನ್ನುವವರು ನಮ್ಮಲ್ಲಿ ಬಹಳ. ಒಳ್ಳೆ ಸುದ್ದಿ ಏನೆಂದರೆ ದುಂಡು ಮಲ್ಲಿಗೆ ಹೊಸ ಚಿಗುರಿನ ತುದಿಯಲ್ಲೇ ಮೊಗ್ಗು ಕಟ್ಟುವ ಗಿಡ. ಕೆಟ್ಟ ಸುದ್ದಿ ಏನೆಂದರೆ ಝೋನ್ 9ಕ್ಕಿಂತ ಕೆಳಗೆ ಅದರ ಬೇರೂ ಉಳಿಯುವುದಿಲ್ಲ. ಹಾಗಾಗಿ ಕುಂಡವೇ ಗತಿ.

ಇಲ್ಲಿನ ನರ್ಸರಿಗಳಲ್ಲಿ ಅರೇಬಿಯನ್ ಜಾಸ್ಮಿನ್ ಅಂತ ಕೇಳಿ. ಮೇಡ್ ಆಫ್ ಓರ್ಲಿಯನ್ಸ್ ಅನ್ನೋದು ಒಂದು ಸುತ್ತಿನ ದಳದ್ದು, ಧಾರಾಳವಾಗಿ ಹೂ ಬಿಡುತ್ತದೆ. ಗ್ರ್ಯಾಂಡ್ ಡ್ಯೂಕ್ ಅಂದರೆ ನಮ್ಮ ಏಳು ಸುತ್ತಿನ ಮಲ್ಲಿಗೆಯ ಥರ, ಗುಲಾಬಿಯಷ್ಟು ಗುಂಡು. ಹೂ ಕಡಿಮೆ, ಬೆಳವಣಿಗೆಯೂ ನಿಧಾನ. ಮಾಲೆ ಕಟ್ಟಬೇಕಾದರೆ ಮೊದಲನೆಯದು, ದೇವರ ಮುಡಿಗೆ ಒಂದೇ ಹೂ ಸಾಕು ಅನ್ನುವವರಿಗೆ ಎರಡನೆಯದು. ಊರಿಂದ ಬರುವಾಗ ಬ್ಯಾಗಿನಲ್ಲಿ ಕಡ್ಡಿ ತರುವ ಯೋಚನೆ ಬಿಡಿ. ಸಸ್ಯ ಆರೋಗ್ಯದ ಪ್ರಮಾಣಪತ್ರ ಇಲ್ಲದೆ ಗಿಡ ತರುವಂತಿಲ್ಲ, ಮಣ್ಣನ್ನಂತೂ ತರಲೇಬಾರದು. ಹೇಳದೆ ತಂದು ಸಿಕ್ಕಿಬಿದ್ದರೆ ದಂಡ.

ಮಲ್ಲಿಗೆಗೆ ಚಳಿಗಾಲದಲ್ಲಿ ಹೂ ಬಿಡಿಸುವ ಹಟ ಬೇಡ. ನಮ್ಮ ಕಡೆಯ ಬೆಳೆಗಾರರೂ ಅದಕ್ಕೆ ಆ ಹೊತ್ತಿನಲ್ಲಿ ವಿರಾಮ ಕೊಡುತ್ತಾರೆ. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಯ ವಾರ ಸವರಬೇಕು, ಅಂದರೆ ಕಡ್ಡಿ ಕತ್ತರಿಸಬೇಕು ಅಂತ. ಜಾಜಿಗೆ ಡಿಸೆಂಬರ್ ಕೊನೆ, ಸೂಜಿಮಲ್ಲಿಗೆಗೆ ಜನವರಿ ಕೊನೆ. ಸವರಿದ ಮೇಲೆ ಬರುವ ಹೊಸ ಚಿಗುರೇ ಬೇಸಿಗೆಯ ಹೂವಿಗೆ ಬಂಡವಾಳ. ಇಲ್ಲಿ ನಾವು ಸವರುವ ತಿಂಗಳನ್ನು ಮುಂದಕ್ಕೆ ತಳ್ಳಬೇಕು. ಡಿಸೆಂಬರ್‌ನಲ್ಲಿ ಸವರಿದರೆ ಕಿಟಕಿಯ ಮಬ್ಬು ಬೆಳಕಿಗೆ ಬಿಳಿಚಿದ, ಉದ್ದುದ್ದ ಚಿಗುರು ಬರುತ್ತದೆ. ಫೆಬ್ರವರಿ ಕೊನೆ, ಮಾರ್ಚ್ ಮೊದಲು ಸರಿಯಾದ ಹೊತ್ತು.

ವರ್ಷದ ಓಟ ಹೀಗಿರಲಿ. ಸೆಪ್ಟೆಂಬರ್ ಕೊನೆಗೆ ರಾತ್ರಿ 50 ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ 10 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯತೊಡಗಿದರೆ ಕುಂಡ ಒಳಗೆ ಬರಬೇಕು. ತರುವ ಮೊದಲು ಎಲೆಯ ಅಡಿಭಾಗ ನೋಡಿ, ಪೈಪಿನಲ್ಲಿ ಜೋರಾಗಿ ನೀರು ಬಿಟ್ಟು ತೊಳೆಯಿರಿ. ಬಿಳಿನೊಣ, ಹಿಟ್ಟುತಿಗಣೆ ಏನಿದ್ದರೂ ಹೊರಗೇ ಉಳಿಯಲಿ. ದಕ್ಷಿಣಕ್ಕಿರುವ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಹೀಟರ್‌ನ ಬಿಸಿಗಾಳಿ ಬರುವ ಜಾಲರಿಯ ಹತ್ತಿರ ಇಡಬೇಡಿ. ಆ ಒಣಗಾಳಿಗೇ ಜೇಡನುಸಿ ಕಾದು ಕೂತಿರುತ್ತದೆ. ಎಲೆ ಮೇಲೆ ಸೂಜಿ ಚುಚ್ಚಿದಂತೆ ಬಿಳಿ ಚುಕ್ಕಿ, ಅಡಿಯಲ್ಲಿ ನವಿರಾದ ಬಲೆ ಕಂಡರೆ ಅದೇ. ವಾರಕ್ಕೊಮ್ಮೆ ಬಚ್ಚಲಲ್ಲಿ ಇಟ್ಟು ಷವರ್ ಬಿಡಿ, ಎಲೆಯ ಅಡಿಗೂ ನೀರು ತಾಗಲಿ. ನೀರು ಕೊಡುವುದು ಮೇಲಿನ ಒಂದಿಂಚು ಮಣ್ಣು ಒಣಗಿದ ಮೇಲೆ ಮಾತ್ರ. ಗೊಬ್ಬರ ಬೇಡ. ಒಂದಿಷ್ಟು ಎಲೆ ಉದುರುತ್ತದೆ, ಗಾಬರಿ ಬೇಡ. ಉದುರಿತು ಅಂತ ಇನ್ನಷ್ಟು ನೀರು ಸುರಿದರೆ ಬೇರು ಕೊಳೆಯುತ್ತದೆ. ನಾನು ಕಂಡ ಹಾಗೆ ಮನೆಯೊಳಗಿನ ಮಲ್ಲಿಗೆ ಚಳಿಗಿಂತ ನೀರಿಗೇ ಜಾಸ್ತಿ ಸಾಯುವುದು.

ಮಾರ್ಚ್‌ನಲ್ಲಿ ಅರ್ಧಕ್ಕೆ ಸವರಿ, ಬೇರು ಕುಂಡ ತುಂಬಿದ್ದರೆ ಒಂದೆರಡು ಇಂಚು ದೊಡ್ಡ ಕುಂಡಕ್ಕೆ ಬದಲಿಸಿ. ಒಮ್ಮೆಗೇ ದೊಡ್ಡ ಟಬ್‌ಗೆ ಹಾಕಬೇಡಿ, ಇಡೀ ಬೇಸಿಗೆ ಬೇರು ಬೆಳೆಸುವುದರಲ್ಲೇ ಕಳೆಯುತ್ತದೆ. ಫ್ರಾಸ್ಟ್ ಕಾಲ ಮುಗಿದ ಮೇಲೆ ಹೊರಗೆ. ಮೊದಲ ದಿನವೇ ಬಿಸಿಲಿಗಿಟ್ಟರೆ ಎಲೆ ಸುಡುತ್ತದೆ. ಮೊದಲು ನೆರಳು, ಆಮೇಲೆ ಬೆಳಗಿನ ಬಿಸಿಲು, ಹತ್ತು ದಿನದಲ್ಲಿ ಪೂರ್ತಿ ಬಿಸಿಲು. ದಿನಕ್ಕೆ ಆರು ಗಂಟೆ ಬಿಸಿಲಿಲ್ಲದೆ ಮಲ್ಲಿಗೆಗೆ ಮೊಗ್ಗಿಲ್ಲ. ಹೂ ಕೊಯ್ದ ಕಡ್ಡಿಯನ್ನು ಎರಡು ಜೊತೆ ಎಲೆ ಕೆಳಗೆ ಚಿವುಟುತ್ತಾ ಹೋದರೆ ಪಕ್ಕದಿಂದ ಎರಡು ಚಿಗುರು, ಅವುಗಳ ತುದಿಯಲ್ಲಿ ಮತ್ತೆ ಮೂರು ಮೂರು ಮೊಗ್ಗು. ಹೀಗೆ ಸೆಪ್ಟೆಂಬರ್‌ವರೆಗೂ ನಡೆಯುತ್ತದೆ.

ಜನವರಿ–ಫೆಬ್ರವರಿಯಲ್ಲಿ ಅಂಗಡಿಗಳಲ್ಲಿ ತಂತಿಯ ಬಳೆಗೆ ಸುತ್ತಿ, ಗುಲಾಬಿ ಬಣ್ಣದ ಮೊಗ್ಗು ತುಂಬಿಕೊಂಡ ಒಂದು ಜಾಜಿ ಬರುತ್ತದೆ. ಪಿಂಕ್ ಜಾಸ್ಮಿನ್ ಅಂತ ಹೆಸರು. ಅದರ ಸ್ವಭಾವ ದುಂಡು ಮಲ್ಲಿಗೆಗೆ ಪೂರ್ತಿ ಉಲ್ಟಾ. ಮೊಗ್ಗು ಕಟ್ಟಲು ಅದಕ್ಕೆ ಚಳಿಯೇ ಬೇಕು. ಅಕ್ಟೋಬರ್‌ನಿಂದ ನಾಲ್ಕೈದು ವಾರ 40–50 ಡಿಗ್ರಿ ಫ್ಯಾರನ್‌ಹೀಟಿನ ರಾತ್ರಿಗಳನ್ನು ಉಣ್ಣಿಸದೆ ಬೆಚ್ಚಗೆ ಒಳಗಿಟ್ಟರೆ ಮರುವರ್ಷ ಒಂದು ಹೂವೂ ಬರುವುದಿಲ್ಲ. ಎರಡನ್ನೂ ಒಂದೇ ಕಿಟಕಿಯಲ್ಲಿ ಸಾಕುವವರು ಇದನ್ನು ಗಮನಿಸಬೇಕು. ಝೋನ್ 7ರಲ್ಲಿ ನೆಲದಲ್ಲೇ ಜಾಜಿಯಂಥ ಹೂ ಬೇಕು ಅನ್ನುವವರಿಗೆ ಪೊಯೆಟ್ಸ್ ಜಾಸ್ಮಿನ್ ಇದೆ. ಹಿಮಾಲಯದ ಕಡೆಯದು, ಜಾಜಿಯ ಹತ್ತಿರದ ನೆಂಟ. ದಕ್ಷಿಣದ ಗೋಡೆ ಪಕ್ಕ, ಗಾಳಿ ಬಡಿಯದ ಜಾಗ ಹುಡುಕಿ ಹಾಕಿ. ಕೆಟ್ಟ ಚಳಿಗೆ ಮೇಲೆ ಒಣಗಿದರೂ ಬುಡದಿಂದ ಏಳುತ್ತದೆ.

ಬೂಗನ್‌ವಿಲ್ಲಾ ಸಾಕುವುದು ಮಲ್ಲಿಗೆಗಿಂತ ಸುಲಭ. ಚಳಿಗಾಲದಲ್ಲಿ ಅದಕ್ಕೆ ಬೆಳಕೂ ಅಷ್ಟಾಗಿ ಬೇಡ. 40 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗಿಳಿಯದ ಗರಾಜಿನಲ್ಲಿ ಎಲೆ ಉದುರಿಸಿ ಮಲಗಿರುತ್ತದೆ. ಮೂರು ನಾಲ್ಕು ವಾರಕ್ಕೊಮ್ಮೆ ಒಂದು ಲೋಟ ನೀರು. ಬೇಸಿಗೆಯಲ್ಲಿ ಸಣ್ಣ ಕುಂಡ, ಸುಡುಬಿಸಿಲು, ನೀರಿಗೆ ಕೊಂಚ ಕೊರತೆ, ಇಷ್ಟಿದ್ದರೆ ಬಣ್ಣ ತುಂಬುತ್ತದೆ. ದಿನಾ ನೀರು ಕೊಟ್ಟು ಮುದ್ದು ಮಾಡಿದರೆ ಬರೀ ಮುಳ್ಳು, ಎಲೆ.

ಚಳಿ ದಾಟಿಸುವ ಗೋಜೇ ಬೇಡ ಅಂದರೆ

ಬೀಜ ಹಾಕಿ. ಶಂಖಪುಷ್ಪದ ಬೀಜವನ್ನು ಸ್ವಲ್ಪ ಉಜ್ಜಿ, ರಾತ್ರಿ ನೆನೆಸಿ, ಮಾರ್ಚ್‌ನಲ್ಲಿ ಒಳಗೇ ಸಸಿ ಮಾಡಿಕೊಳ್ಳಿ. ಬೇಸಿಗೆಯಲ್ಲಿ ದೇವರಿಗೆ ನೀಲಿ ಹೂ. ಚಪ್ಪರದವರೆಯೂ ಇಲ್ಲಿ ಅಲಂಕಾರದ ಬಳ್ಳಿ ಅಂತಲೇ ಮಾರಾಟ ಆಗುತ್ತದೆ. ವರ್ಜೀನಿಯಾದಲ್ಲಿ ಅಮೆರಿಕದ ಹಿಂದಿನ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಮಾಂಟಿಸೆಲೊ ತೋಟದಲ್ಲಿ ನೇರಳೆ ಹೂವಿನ ಅವರೆಯನ್ನು ಚಪ್ಪರಕ್ಕೆ ಹಬ್ಬಿಸಿದ್ದಾರೆ. ನೋಡಿದರೆ ಹಿತ್ತಲಿಗೆ ಬಂದ ಹಾಗಾಗುತ್ತದೆ. ಅಲಂಕಾರಕ್ಕೆಂದು ಮಾರುವ ಬೀಜವನ್ನು ಹಸಿಯಾಗಿ ತಿನ್ನಬೇಡಿ.

ನೆಲದ ಬಳ್ಳಿಗೆ ಚಳಿಯ ಸಿದ್ಧತೆ

ಆಗಸ್ಟ್ ಮೊದಲ ವಾರಕ್ಕೆ ಗೊಬ್ಬರ ನಿಲ್ಲಿಸಿ. ಆಮೇಲೆ ಹಾಕಿದ ಸಾರಜನಕಕ್ಕೆ ಎಳೆ ಚಿಗುರು ಬರುತ್ತದೆ, ಅಕ್ಟೋಬರ್ ಫ್ರಾಸ್ಟ್‌ಗೆ ಮೊದಲು ಬಲಿಯಾಗುವುದು ಅದೇ. ನೀರು ಮಾತ್ರ ನೆಲ ಹೆಪ್ಪುಗಟ್ಟುವವರೆಗೂ ಕೊಡಿ. ಸ್ಟಾರ್ ಜಾಸ್ಮಿನ್‌ನಂಥ ನಿತ್ಯಹಸಿರಿಗೆ ಇದು ಮುಖ್ಯ. ಚಳಿಗಾಳಿ ಎಲೆಯಿಂದ ನೀರು ಹೀರುತ್ತಿರುತ್ತದೆ, ಹೆಪ್ಪುಗಟ್ಟಿದ ನೆಲದಿಂದ ಬೇರಿಗೆ ನೀರು ಸಿಗುವುದಿಲ್ಲ. ಎಷ್ಟೋ ಬಳ್ಳಿ ಹೀಗೆ ಬಾಯಾರಿ ಒಣಗುತ್ತವೆ.

ಬುಡದ ಹೊದಿಕೆಗೆ ಒಣಗಿದ ಎಲೆ ಅಥವಾ ಮರದ ಚಕ್ಕೆ, ನಾಲ್ಕು ಇಂಚು ದಪ್ಪ. ಕಾಂಡಕ್ಕೆ ಒತ್ತಿ ರಾಶಿ ಹಾಕಬೇಡಿ, ಇಲಿ ಸೇರಿಕೊಂಡು ತೊಗಟೆ ತಿನ್ನುತ್ತದೆ. ಹಾಕುವುದು ಒಂದೆರಡು ಸಲ ಗಟ್ಟಿ ಫ್ರಾಸ್ಟ್ ಬಿದ್ದ ಮೇಲೆ. ಹೊದಿಕೆ ಇರುವುದು ನೆಲ ಬೆಚ್ಚಗಾಗಲಿ ಅಂತಲ್ಲ. ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಏರಿಳಿತಕ್ಕೆ ಬೇರು ಮೇಲೆದ್ದು ಹರಿಯುತ್ತದೆ, ಅದನ್ನು ತಡೆಯಲು. ಹಿಮ ಬಿದ್ದರೆ ಬುಡದ ಮೇಲಿನ ಹಿಮ ತೆಗೆಯಬೇಡಿ, ಅದಕ್ಕಿಂತ ಒಳ್ಳೆ ಕಂಬಳಿ ಇಲ್ಲ. ರಸ್ತೆಗೆ ಚೆಲ್ಲುವ ಉಪ್ಪು ಬೆರೆತ ಹಿಮ ಮಾತ್ರ ಬುಡಕ್ಕೆ ಸೇರದಿರಲಿ.

ನಿಮ್ಮ ಊರಿಗೆ ಯಾವುದು?

ಷಿಕಾಗೊ, ಮಿಷಿಗನ್ ಕಡೆಯವರು ನೆಲಕ್ಕೆ ಮೂರನೇ ಗುಂಪಿನ ಕ್ಲೆಮ್ಯಾಟಿಸ್ ಹಾಕಿ. ಜಾಗ ಇದ್ದರೆ ಬ್ಲೂ ಮೂನ್ ವಿಸ್ಟೀರಿಯಾ. ಮಲ್ಲಿಗೆ ಕುಂಡದಲ್ಲಿ, ಒಂದು ಗ್ರೋ ಲೈಟ್ (ಗಿಡಕ್ಕೆ ಬಿಸಿಲಿನ ಬದಲು ಹಾಕುವ ದೀಪ) ಜೊತೆ. ಅಲ್ಲಿನ ಡಿಸೆಂಬರ್ ಕಿಟಕಿಯ ಬೆಳಕನ್ನು ನಂಬುವಂತಿಲ್ಲ.

ನ್ಯೂಜೆರ್ಸಿ, ಮೇರಿಲ್ಯಾಂಡ್, ಉತ್ತರ ವರ್ಜೀನಿಯಾದವರಿಗೆ ಆಯ್ಕೆ ಬಹಳ. ನನ್ನನ್ನು ಕೇಳಿದರೆ ಬೇಲಿಗೆ ಮೇಪಾಪ್, ಚಪ್ಪರಕ್ಕೆ ಅಮೆಥಿಸ್ಟ್ ಫಾಲ್ಸ್, ಬಾಗಿಲ ಪಕ್ಕದ ಗೋಡೆಗೆ ಮ್ಯಾಡಿಸನ್ ತಳಿಯ ಸ್ಟಾರ್ ಜಾಸ್ಮಿನ್.

ಡಲ್ಲಾಸ್, ಆಸ್ಟಿನ್, ಅಟ್ಲಾಂಟಾದವರಿಗೆ ಸ್ಟಾರ್ ಜಾಸ್ಮಿನ್ ಕಣ್ಣು ಮುಚ್ಚಿ ಹಾಕಬಹುದು. 2021ರಂಥ ವರ್ಷ ಬಂದರೆ ಎಲೆಯೆಲ್ಲ ಸುಟ್ಟರೂ ಎಷ್ಟೋ ಬಳ್ಳಿ ಬುಡದಿಂದ ಮತ್ತೆ ಎದ್ದಿವೆ. ದುಂಡು ಮಲ್ಲಿಗೆಯನ್ನು ಅಲ್ಲೂ ಕುಂಡದಲ್ಲೇ ಇಡಿ. ನಾಲ್ಕೈದು ಕೆಟ್ಟ ರಾತ್ರಿಗಳಿಗೆ ಗರಾಜಿಗೆ ಎಳೆದುಕೊಂಡರೆ ಸಾಕು. ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಟೆಕ್ಸಸ್ ಕಡೆಯ ಗಡಸು ನೀರಿನಿಂದ ಕಬ್ಬಿಣದ ಅಂಶ ಸಿಗುತ್ತಿಲ್ಲ ಅಂತ ಅರ್ಥ. ಮಳೆನೀರು ಹಿಡಿದು ಹಾಕಿ.

ಬೇ ಏರಿಯಾದವರು ಪುಣ್ಯವಂತರು. ಮಲ್ಲಿಗೆಯನ್ನು ನೆಲಕ್ಕೇ ಹಾಕಬಹುದು, ಫ್ರಾಸ್ಟ್ ಮುನ್ಸೂಚನೆ ಇದ್ದ ರಾತ್ರಿ ಹಳೇ ಬೆಡ್‌ಶೀಟ್ ಹೊದಿಸಿ, ಪ್ಲಾಸ್ಟಿಕ್ ಬೇಡ. ಅಲ್ಲಿ ಮಲ್ಲಿಗೆಗೆ ತೊಂದರೆ ಚಳಿಗಿಂತ ತಂಪಾದ ಬೇಸಿಗೆ ಸಂಜೆಗಳದ್ದು. ಬಿಸಿಲು ಹೀರುವ ಇಟ್ಟಿಗೆ ಗೋಡೆಯ ಪಕ್ಕ ಇಟ್ಟರೆ ಹೂ ಜಾಸ್ತಿ.

ಸತ್ತಿದೆಯಾ, ಮಲಗಿದೆಯಾ?

ಏಪ್ರಿಲ್‌ನಲ್ಲಿ ಒಣಗಿದ ಕಡ್ಡಿ ನೋಡಿ ಕಿತ್ತು ಹಾಕಬೇಡಿ. ಉಗುರಿನಿಂದ ಕಡ್ಡಿಯನ್ನು ಮೆಲ್ಲಗೆ ಕೆರೆಯಿರಿ. ತೊಗಟೆಯಡಿ ಹಸಿರು, ತೇವ ಇದ್ದರೆ ಜೀವ ಇದೆ. ಕಂದಾಗಿ ಒಣಗಿದ್ದರೆ ಇನ್ನೊಂದು ಗೆಣ್ಣು ಕೆಳಗೆ ಕೆರೆಯಿರಿ, ಹಸಿರು ಸಿಗುವವರೆಗೆ ಇಳಿಯುತ್ತಾ ಹೋಗಿ, ಸಿಕ್ಕಲ್ಲಿಗೆ ಕತ್ತರಿಸಿ. ನೆಲದವರೆಗೂ ಹಸಿರು ಸಿಗದಿದ್ದರೂ ಹೊಸ ಚಿಗುರಿನ ಗುಂಪಿನವಕ್ಕೆ ಇನ್ನೂ ಕಾಯಬೇಕು. ಮೇಪಾಪ್ ಅಂತೂ ಝೋನ್ 6–7ರಲ್ಲಿ ಮೇ ಕೊನೆಯವರೆಗೂ ಮಣ್ಣಿಂದ ತಲೆ ಎತ್ತದೆ ಇರುವುದುಂಟು. ಅದನ್ನು ನೆಟ್ಟ ಜಾಗಕ್ಕೆ ಒಂದು ಕೋಲು ನೆಟ್ಟು ಗುರುತು ಮಾಡಿಡಿ, ಜೂನ್ ನಡುವಿನವರೆಗೆ ಅಲ್ಲಿ ಸಲಿಕೆ ಹಾಕಬೇಡಿ.